ಅವ್ವ ಊಟ ಬಿಟ್ಟದ್ದು

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ಮಠದ ಪಾಯಿಖಾನೆಯ ಗುಂಡಿಯನ್ನು ನಾಳೆ ನಾವೇ ತೆಗೆಯಬೇಕೆಂದು ಹೇಳಿದ್ದೀರಿ. ನಾನು ಇಲ್ಲಿಗೆ ಬಂದದ್ದು ಮನಸ್ಸಿನ ಕೊಳೆ ತೊಳೆದುಕೊಳ್ಳಲು. ಆ ಕೊಳೆಗೂ ನನಗೂ ಏನು ಸಂಬಂಧ? ಯಾರಾದರೂ ಆಳನ್ನು ಕರೆಸಿದರೆ ಆಗದೇ?"

ಗುರುಗಳು ಸಿಟ್ಟಾಗಲಿಲ್ಲ. "ಸಂಬಂಧವಿಲ್ಲದೆ ಏನು, ನಿನ್ನೆ ಪಾಯಸ ಎರಡು ಸಲ ಹಾಕಿಸಿಕೊಂಡವನು ನೀನೇ ಅಲ್ಲವೇ?" ಎಂದು ನಕ್ಕು, ಕೂರುವಂತೆ ಕೈಮಾಡಿ, ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಮನೆಯಲ್ಲಿ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ. ತಾಯಿಗೆ ಸೊಂಟ ಹಿಡಿದುಕೊಂಡು ಬಯಲಿಗೆ ನಡೆದುಹೋಗುವುದು ಆಗದಾಯಿತು. ಮಗ ಅವಳಿಗಾಗಿ ಹಿತ್ತಿಲಲ್ಲಿ ಪಾಯಿಖಾನೆ ಕಟ್ಟಿಸಿದ. ಒಳ್ಳೆಯ ಮಗ. ಕತೆ ಮುಗಿಯುವವರೆಗೂ ಅವನು ಒಳ್ಳೆಯವನೇ, ಅದನ್ನು ಮರೆಯಬೇಡ.

ಕಟ್ಟಿದ ಗಾರೆಯವನು ಎರಡು ಗುಂಡಿ ತೋಡಿದ. ಮೊದಲು ಒಂದನ್ನೇ ಬಳಸಿ, ಅದು ತುಂಬಿದಾಗ ಚಪ್ಪಡಿ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿ, ಎರಡು ಮಳೆಗಾಲ ಕಳೆಯಲಿ, ಮುಚ್ಚಿದ್ದು ಮಣ್ಣಾಗಿರುತ್ತದೆ, ತೆಗೆದು ಹೊಲಕ್ಕೆ ಹಾಕಿ ಎಂದು ಹೇಳಿಹೋದ. ರೈತ ತಲೆಯಾಡಿಸಿದ, ಆದರೆ ನಂಬಲಿಲ್ಲ. ತಿಪ್ಪೆಯಲ್ಲಿ ಸಗಣಿ ಗೊಬ್ಬರವಾಗುವುದನ್ನು ಹುಟ್ಟಿದಾಗಿನಿಂದ ಕಂಡವನು, ದಿನಾ ಬೆಳಗ್ಗೆ ಅದನ್ನು ಬರಿಗೈಯಲ್ಲಿ ಬಾಚುವವನು. ಆದರೂ ಎಮ್ಮೆಗೊಂದು ನ್ಯಾಯ, ಮನುಷ್ಯನಿಗೊಂದು ನ್ಯಾಯ ಎಂದುಕೊಂಡ.

ಮೊದಲ ಗುಂಡಿ ತುಂಬಿತು. ಅದನ್ನು ಮುಚ್ಚಿ ಎರಡನೆಯದಕ್ಕೆ ತಿರುಗಿಸಿದ. ಎರಡು ಮಳೆಗಾಲ ಕಳೆದವು. ಎರಡನೆಯದೂ ಮೇಲೇರತೊಡಗಿತು. ಇನ್ನು ಮೊದಲನೆಯದನ್ನು ಖಾಲಿ ಮಾಡಬೇಕು. ರೈತನಿಗೆ ಆ ಚಪ್ಪಡಿಯನ್ನು ನೋಡಿದರೇ ವಾಕರಿಕೆ. ಪಕ್ಕದೂರಿನಲ್ಲಿ ಒಬ್ಬನಿದ್ದ, ಅವನ ತಂದೆ ಹಿಂದೆ ಇಂಥ ಕೆಲಸ ಮಾಡುತ್ತಿದ್ದ. ರೈತ ಅಲ್ಲಿಗೆ ಹೋಗಿ, ವರ್ಷಕ್ಕಾಗುವಷ್ಟು ರಾಗಿ ಕೊಡುತ್ತೇನೆ, ಬಾ ಎಂದ. ಅವನು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ನಮ್ಮಪ್ಪ ಇಂಥ ಗುಂಡಿಯಲ್ಲೇ ಉಸಿರುಕಟ್ಟಿ ಸತ್ತ, ನಿಮ್ಮ ಮನೆಯದನ್ನು ನೀವೇ ತೆಗೆಯಿರಿ ಎಂದು ಹೇಳಿ ಒಳಗೆ ಹೋದ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ರೈತ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ.

ಬಂದವನು ಮನೆಗೊಂದು ಕಟ್ಟಳೆ ಮಾಡಿದ. ಕಾಲು ಗಟ್ಟಿಯಿದ್ದವರು ಬಯಲಿಗೇ ಹೋಗಬೇಕು, ಪಾಯಿಖಾನೆ ಅವ್ವನಿಗೆ ಮಾತ್ರ. ಹೆಂಡತಿ ಮತ್ತೆ ಕತ್ತಲಾಗುವುದನ್ನು ಕಾಯತೊಡಗಿದಳು. ಪ್ರೀತಿಯಿಂದಲೇ ಮಾಡಿದ ಕಟ್ಟಳೆ ಅದು. ಆದರೆ ಹೆಂಡತಿಗೆ ಹೇಳುವಾಗ ಅವನು ಇನ್ನೊಂದು ಮಾತು ಸೇರಿಸಿದ. ಇದೂ ತುಂಬಿತೋ, ನಾನೇ ಗುಂಡಿಗೆ ಇಳಿಯಬೇಕು, ಆಮೇಲೆ ಊರಿನಲ್ಲಿ ತಲೆಯೆತ್ತಿ ತಿರುಗುವುದು ಹೇಗೆ ಎಂದ. ಗೋಡೆಯಾಚೆ ಮಲಗಿದ್ದ ತಾಯಿಗೆ ಅದು ಕೇಳಿಸಿತು.

ಮರುದಿನ ತಾಯಿ ಹಸಿವಿಲ್ಲ ಎಂದಳು. ಹಸಿವಿಲ್ಲ ಎನ್ನುವುದು ತಾಯಂದಿರ ಹಳೆಯ ಸುಳ್ಳು, ಮಕ್ಕಳು ಅದನ್ನು ಪ್ರತಿಸಲವೂ ನಂಬುತ್ತಾರೆ. ಮುದ್ದೆ ಅರ್ಧವಾಯಿತು. ಅರ್ಧ ಹೋಗಿ ನಿಂಬೆಗಾತ್ರವಾಯಿತು. ಕೊನೆಗೆ ಮಜ್ಜಿಗೆಯೊಂದೇ ಉಳಿಯಿತು. ಮಗ ವೈದ್ಯನನ್ನು ಕರೆಸಿದ, ಮನೆದೇವರಿಗೆ ಹರಕೆ ಹೊತ್ತ. ವೈದ್ಯ ನಾಡಿ ನೋಡಿ, ರೋಗವೇನೂ ಇಲ್ಲ, ಉಣ್ಣದಿದ್ದರೆ ಮಾತ್ರ ಉಳಿಯುವುದಿಲ್ಲ ಎಂದ. ಸೊಸೆ ಅವಳಿಗೆ ಇಷ್ಟವೆಂದು ಉಪ್ಸಾರು ಮಾಡಿಕೊಟ್ಟಳು. ತಟ್ಟೆ ಹೋದ ಹಾಗೇ ವಾಪಸು ಬಂತು.

ಒಂದು ದಿನ ಸೊಸೆ ಅವಳನ್ನು ಎತ್ತಿ ಕೂರಿಸಲು ಹೋದಳು. ಮಗುವನ್ನೆತ್ತಿದಷ್ಟು ಹಗುರ. ಯಾಕೆ ಉಣ್ಣುತ್ತಿಲ್ಲವೆಂದು ಹೇಳುವ ತನಕ ಏಳುವುದಿಲ್ಲವೆಂದು ಸೊಸೆ ಪಕ್ಕದಲ್ಲೇ ಕೂತುಬಿಟ್ಟಳು. ಆಗ ಮುದುಕಿ ಬಾಯಿಬಿಟ್ಟಳು.

"ಈಗ ಅಲ್ಲಿಗೆ ಹೋಗೋಳು ನಾನೊಬ್ಬಳೇ ಅಲ್ವೇನವ್ವ. ನಾನ್ ತಿಂದಷ್ಟೂ ಆ ಗುಂಡಿ ತುಂಬ್ತದೆ. ನನ್ ಮಗ ಅದ್ರೊಳಕ್ಕೆ ಇಳಿಯೋದನ್ನ ನಾನ್ ನೋಡ್ಲಾರೆ."

ಸೊಸೆ ಅಳುತ್ತ ಹೋಗಿ ಗಂಡನಿಗೆ ಹೇಳಿದಳು. ಅವನು ಊಟಕ್ಕೆ ಕೂತಿದ್ದ. ತುತ್ತು ಕೈಯಲ್ಲೇ ಉಳಿಯಿತು. ಎದ್ದು ಕೈತೊಳೆದು, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಹಾರೆ ಸಲಿಕೆ ಹಿಡಿದು ಹಿತ್ತಿಲಿಗೆ ನಡೆದ. ನೆರೆಯವರು ಕಿಟಕಿ ಮುಚ್ಚಿಕೊಂಡರು. ದೇವರನ್ನು ನೆನೆದು, ಮೊದಲ ಗುಂಡಿಯ ಚಪ್ಪಡಿ ಮೀಟಿ, ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿಯೇ ಒಂದು ಸಲಿಕೆ ಎತ್ತಿ ಪಕ್ಕಕ್ಕೆ ಹಾಕಿದ.

ಕಣ್ಣು ಬಿಟ್ಟರೆ ಮಣ್ಣು. ಕರಿಯ ಮಣ್ಣು, ಪುಡಿಪುಡಿಯಾಗಿ ಉದುರುತ್ತಿದೆ. ವಾಸನೆಯಿಲ್ಲ. ಎಲ್ಲೋ ಬೇರೆ ಕಡೆ ಅಗೆದೆನೇನೋ ಎಂದು ಅವನಿಗೆ ಅನುಮಾನ ಬಂತು. ಇನ್ನೊಂದು ಸಲಿಕೆ ಎತ್ತಿದ, ಅದೂ ಮಣ್ಣೇ. ಮುಖದ ಬಟ್ಟೆ ಬಿಚ್ಚಿ ಎಸೆದ. ಒಳಗೆ ಹೋಗಿ ತಾಯಿಯನ್ನು ಎತ್ತಿಕೊಂಡು ಬಂದು, ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ, ಆ ರಾಶಿಯನ್ನು ತೋರಿಸಿದ. ಮುದುಕಿ ಬಹಳ ಹೊತ್ತು ನೋಡಿದಳು.

"ಇಷ್ಟೇ ಏನಪ್ಪಾ?" ಎಂದಳು.

ಮಗ ಅವಳ ಕಾಲ ಬಳಿ ಕೂತು ಅತ್ತ. ಅಂದು ತಾಯಿ ಗಂಜಿ ಕುಡಿದಳು. ಕೆಲವು ದಿನಗಳಲ್ಲಿ ತಾನಾಗಿ ಮುದ್ದೆ ಕೇಳಿದಳು. ಮನೆಯವರೆಲ್ಲ ಮತ್ತೆ ಹಿತ್ತಿಲಿಗೇ ಹೋಗತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು. ನೀತಿ ತನಗೆ ಸಿಕ್ಕಿತೆಂಬ ಸಂತೋಷದಲ್ಲಿ ಶಿಷ್ಯ, "ತಿಳಿಯಿತು ಗುರುಗಳೇ. ಕೈ ಕೆಸರಾದರೆ ಬಾಯಿ ಮೊಸರು" ಎಂದ.

"ಕೆಸರೆಲ್ಲಿತ್ತಪ್ಪಾ? ಗುಂಡಿ ಎಂದೋ ಮಣ್ಣಾಗಿತ್ತು, ಹೇಸಿಗೆ ಮಗನದು, ಉಪವಾಸ ತಾಯಿಯದು" ಎಂದರು ಗುರುಗಳು.