ಪುಂಡಿಸೊಪ್ಪಿನೊಳಗಿನ ಕಾಯಿ

ದೇಸಾಯರ ವಾಡೆಗೆ ಬೀಗರು ಊಟಕ್ಕೆ ಬರುವವರಿದ್ದರು. ಮಾವಿನ ಉಪ್ಪಿನಕಾಯಿ ಭರಣಿಯ ತಳ ಕಂಡಿತ್ತು. ಅಡಿಗೆಯ ಗುರವ್ವ ಕೈಕಟ್ಟಿ ಕೂಡುವವಳಲ್ಲ. ಹಿತ್ತಲಿನ ಹುಳಿ ಪುಂಡಿಸೊಪ್ಪು ಕಿತ್ತು, ತೊಳೆದು, ನೆರಳಲ್ಲಿ ಆರಿಸಿ, ಎಣ್ಣೆಯಲ್ಲಿ ಬಾಡಿಸಿದಳು. ಉಪ್ಪು, ಬೆಳ್ಳುಳ್ಳಿ, ಸಾಸಿವೆ-ಮೆಂತ್ಯದ ಪುಡಿ ಹಾಕಿ ಕಲಸಿದಳು.

ದೇಸಾಯರು ಇಣುಕಿ ನೋಡಿ ಸಿಡುಕಿದರು. "ಬರೀ ಸೊಪ್ಪು! ಇದಕ್ಕ ಉಪ್ಪಿನಕಾಯಿ ಅಂತಾರೇನ? ನನ್ನ ಎಲಿಯೊಳಗ ಕಾಯಿ ಸಿಗಲಿಲ್ಲಂದ್ರ ನಾಳಿಂದ ಈ ಕಡೆ ಸುಳೀಬ್ಯಾಡ."

"ಸಿಗತೈತ್ರೀ ಧಣ್ಯಾರ," ಎಂದಳು ಗುರವ್ವ.

ಪಂಕ್ತಿ ಕೂತಿತು. ದೇಸಾಯರು ಬೀಗರ ಎದುರೇ ಉಪ್ಪಿನಕಾಯಿಯನ್ನು ಬೆರಳಿನಿಂದ ಕೆದಕಿದರು. "ಎಲ್ಲೈತಿ ಕಾಯಿ?"

"ಕಣ್ಣಿಗೆ ಕಾಣೂದಿಲ್ರೀ, ಬಾಯಾಗ ಸಿಗತೈತಿ."

ದೇಸಾಯರು ಅಷ್ಟನ್ನೂ ಬಾಯಿಗೆ ಹಾಕಿಕೊಂಡು ಕಚಕ್ಕನೆ ಕಡಿದರು. ಗುರವ್ವ ಅವರಿಗೆಂದೇ ಸೊಪ್ಪಿನಲ್ಲಿ ಸುತ್ತಿಟ್ಟಿದ್ದ ಇಡೀ ಹಸಿಮೆಣಸಿನಕಾಯಿ ಹಲ್ಲಿಗೆ ಸಿಕ್ಕಿತು. ಕಿವಿ ಕೆಂಪಾದವು, ಮೂಗು ಸೋರಿತು.

ಗುರವ್ವ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. "ಸಿಕ್ಕತ್ರೀ ಕಾಯಿ?"

"ಸಿಕ್ಕತವ್ವಾ, ಸಿಕ್ಕತು! ಮೊದಲ ನೀರು ಕೊಡು!"

ಬೀಗರು ನಗುತ್ತ ಇನ್ನಷ್ಟು ಹಾಕಿಸಿಕೊಂಡರು. ಈಗಲೂ ಉಪ್ಪಿನಕಾಯಿ ಬಡಿಸಿದ ಕೂಡಲೇ ದೇಸಾಯರು ಕಾಯಿ ಹುಡುಕುತ್ತಾರೆ, ಸಿಕ್ಕರೆ ಎತ್ತಿ ಎಲೆಯಾಚೆ ಇಡಲಿಕ್ಕೆ.