ಒಂದೇ ಕೊಳಗದ ಮನೆ

"ನಾನು ನಾಲಿಗೆಗೆ ಸೋತವಳಲ್ಲ, ಆಲಸ್ಯಕ್ಕೂ ಸೋತವಳಲ್ಲ. ಎಲ್ಲಿಯೂ ಬೀಳಲಿಲ್ಲ, ಏನೂ ತಾಗಲಿಲ್ಲ. ಹಾಗಿದ್ದೂ ಕಾಲಿನ ಮೂಳೆ ಏಕೆ ಬಿರಿಯಿತು, ಅಮ್ಮಾ?" ಎಂದು ಶಾಂಭವಿ ಗುರುಮಾತೆಯನ್ನು ಕೇಳಿದಳು.

ಬ್ಯಾಂಕಿನ ಕೆಲಸಕ್ಕೆ ಹೋಗುವ ಮುನ್ನ ಅವಳು ನಿತ್ಯ ಓಡುತ್ತಿದ್ದಳು. ಪದಕಕ್ಕಾಗಿ ಅಲ್ಲ, ಓಟದ ಸುಖಕ್ಕಾಗಿ. ಓಟ ಬೆಳೆದಂತೆ ಊಟವನ್ನು ಕಿರಿದು ಮಾಡಿಕೊಂಡು ಅದನ್ನೊಂದು ವ್ರತವೆಂದೇ ತಿಳಿದಿದ್ದಳು. ತಿಂಗಳ ಮುಟ್ಟು ನಿಂತು ವರ್ಷವಾಗುತ್ತ ಬಂದಾಗಲೂ, ಒಂದು ತೊಡಕು ಕಳೆಯಿತೆಂದು ಹಗುರಾಗಿದ್ದಳು. ಈಗ ವೈದ್ಯೆ, ಮೊದಲು ಹೊಟ್ಟೆ ತುಂಬ ಉಣ್ಣು, ಓಟದ ಮಾತು ಆಮೇಲೆ ಎಂದಿದ್ದರು. ಓಡದೆ ಕುಳಿತವಳಿಗೆ ಅನ್ನವೇಕೆಂದು ಶಾಂಭವಿ ರಾತ್ರಿಯ ಊಟವನ್ನೂ ಬಿಟ್ಟಿದ್ದಳು. ವೈದ್ಯೆಯ ಮಾತು ಸರಿಯೋ ತನ್ನ ವ್ರತ ಸರಿಯೋ ತಿಳಿಯದೆ ಮಠಕ್ಕೆ ಬಂದಿದ್ದಳು.

ಗುರುಮಾತೆ ಅವಳ ಕಟ್ಟು ಹಾಕಿದ ಕಾಲನ್ನು ನೋಡಿ, ಚಾಪೆ ಬೇಡ, ಕುರ್ಚಿಯಲ್ಲಿ ಕುಳಿತುಕೋ ಎಂದರು. ಬಳಿಕ ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಬ್ಬ ಒಡತಿಯಿದ್ದಳು. ಅವಳದು ಮಣ್ಣಿನ ಗೋಡೆಯ ದೊಡ್ಡ ಮನೆ. ಕಣಜದಿಂದ ದಿನಕ್ಕೆ ಒಂದು ಕೊಳಗ ಧಾನ್ಯ ಮಾತ್ರ ಹೊರಗೆ ಬರಬೇಕೆಂಬುದು ಅವಳ ನಿಯಮ. ಅದರಲ್ಲಿ ಮೊದಲ ಪಾಲು ಅವಳ ಕುದುರೆಗೆ. ಉಳಿದದ್ದು ಮನೆಗೆ ದುಡಿಯುವವರಿಗೆ. ಪ್ರತಿ ಅಮಾವಾಸ್ಯೆಗೆ ಹೆಂಗಸರು ಬಂದು, ಗೋಡೆಯ ಬಿರುಕು ಮೆತ್ತಿ, ಮಣ್ಣು ಸಗಣಿ ಕಲಸಿ ಸಾರಿಸಿ, ಅಲ್ಲಿಯೇ ಉಂಡು ಹೋಗುವುದು ವಾಡಿಕೆ.

ಕುದುರೆ ಚೆನ್ನಾಗಿ ಓಡಿತು. ಒಡತಿ ಅದನ್ನು ಇನ್ನೂ ದೂರ ಓಡಿಸಿದಳು. ದೂರ ಹೆಚ್ಚಿದಂತೆ ಅದರ ಪಾಲು ಹೆಚ್ಚಿತು. ಕೊಳಗ ಮಾತ್ರ ಹೆಚ್ಚಲಿಲ್ಲ. ಊರವರು ಕಟ್ಟೆಯ ಮೇಲೆ ಕುಳಿತು, ಕುದುರೆಯೆಂದರೆ ಅದು, ಸಂಯಮವೆಂದರೆ ಇವಳದು ಎಂದು ಕೊಂಡಾಡಿದರು. ನಮ್ಮ ಮನೆಯವಳೂ ಇದ್ದಾಳೆ, ಕಣಜಕ್ಕೆ ಕೈ ಹಾಕಿದರೆ ತಳ ಮುಟ್ಟುವ ತನಕ ತೆಗೆಯಳು ಎಂದು ಒಬ್ಬ ನಗಿಸಿದ.

ಸಾರಿಸುವ ಹೆಂಗಸರ ಮುಂದಿನ ತಟ್ಟೆ ಬರಿದಾಗುತ್ತ ಬಂತು. ಅವರು ಜಗಳವಾಡಲಿಲ್ಲ. ಒಂದು ಅಮಾವಾಸ್ಯೆಗೆ ಅರ್ಧ ಗೋಡೆ ಸಾರಿಸಿ ಹೋದರು. ಮುಂದಿನದಕ್ಕೆ ಬರಲೇ ಇಲ್ಲ. ಅಂಗಳದ ಕೆಸರು ತಪ್ಪಿತು, ಗದ್ದಲ ತಪ್ಪಿತು ಎಂದು ಒಡತಿ ಸಂತೋಷಪಟ್ಟಳು. ಗೋಡೆ ನಿಂತೇ ಇತ್ತು. ಕುದುರೆ ಓಡುತ್ತಲೇ ಇತ್ತು.

ಮಳೆಯಿಲ್ಲದ, ಗಾಳಿಯಿಲ್ಲದ ಒಂದು ಬೆಳಿಗ್ಗೆ ಕುದುರೆ ಎಂದಿನಂತೆ ಹೊರಟಿತು. ಅದರ ಗೊರಸಿನ ಸದ್ದಿಗೆ ಮಲಗುವ ಕೋಣೆಯ ಗೋಡೆ ಬಿರಿಯಿತು. ಒಡತಿ ಗೋಡೆ ಕಟ್ಟುವವನನ್ನು ಕರೆಸಿ, ಯಾರು ಗುದ್ದಿದರೆಂದು ಕೇಳಿದಳು. ಅವನು ಬಿರುಕಿನ ಉದ್ದಕ್ಕೂ ಕೈಯಾಡಿಸಿದ.

"ಗುದ್ದಿದ ಗುರುತಿಲ್ಲ, ತಾಯಿ. ಬಹಳ ದಿನದಿಂದ ಯಾರೂ ಮುಟ್ಟಿದ ಗುರುತೂ ಇಲ್ಲ."

ಒಡತಿ ಕುದುರೆಯನ್ನು ಲಾಯದಲ್ಲಿ ಕಟ್ಟಿಸಿದಳು. ಓಟವೇ ಇಲ್ಲದ ಮೇಲೆ ಇಡೀ ಕೊಳಗವೇಕೆಂದು, ಮರುದಿನದಿಂದ ಅರ್ಧವನ್ನೇ ಅಳೆಸಿದಳು.

ಗುರುಮಾತೆ ಅಲ್ಲಿಗೆ ನಿಲ್ಲಿಸಿದರು. ಕತೆ ತೊಡಗಿದಾಗ ಶಾಂಭವಿ ಕುದುರೆ ತಾನೆಂದುಕೊಂಡಿದ್ದಳು. ನಡುವೆ ಗೋಡೆಯೇ ತಾನೆನಿಸಿತು. ಅರ್ಧ ಕೊಳಗದ ಮಾತು ಬಂದಾಗ ಎರಡೂ ಅಲ್ಲವೆನಿಸಿತು. ತಿಂಗಳು ತಿಂಗಳು ಬರುತ್ತಿದ್ದು ಬಾರದೆ ಹೋದ ಹೆಂಗಸರು ಯಾರೆಂಬುದು ಹೊಳೆಯುತ್ತಿತ್ತು, ಒಪ್ಪಲು ಮನಸ್ಸು ಬರುತ್ತಿರಲಿಲ್ಲ. ನಿನ್ನ ಹಾಗೆ ಬಾಯಿ ಕಟ್ಟುವುದು ನಮ್ಮಿಂದಾಗದಮ್ಮ ಎನ್ನುತ್ತಿದ್ದ ಓಟದ ಗೆಳತಿಯರು ನೆನಪಾದರು. ಆ ಮಾತನ್ನೇ ಉಂಡು ಅವಳು ಎಷ್ಟೋ ಬೆಳಗು ಓಡಿದ್ದಳು.

"ಆದರೆ ಅಮ್ಮಾ, ಊರಿಗೆ ಊರೇ ಅವಳನ್ನು ಹೊಗಳಿತ್ತಲ್ಲ?" ಎಂದಳು.

"ಹೊಗಳಿದವರಲ್ಲಿ ಒಬ್ಬರೂ ಆ ಗೋಡೆಯ ಪಕ್ಕದಲ್ಲಿ ಮಲಗುವವರಲ್ಲ, ಮಗಳೆ."