ಕೆಂಚಮ್ಮನ ಹರಿದ ಸೀರೆ

ಒಂದಾನೊಂದು ಕಾಲದಲ್ಲಿ, ಕೋತಿಗಳಿಗೂ ಮನುಷ್ಯರ ಗುಣ ಗೊತ್ತಾಗುತ್ತಿದ್ದ ಕಾಲದಲ್ಲಿ, ಗುಡ್ಡದ ಬುಡದ ಊರಲ್ಲಿ ಪುಟ್ಟೀರಮ್ಮ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳು ಗಂಡನ ಮನೇಲಿ ಬಸುರಿಯಾಗಿ, ನಿನ್ನ ಹಿತ್ತಲ ಬದನೆಕಾಯಿ ಎಣ್ಣೆಗಾಯಿ ತಿನ್ನಬೇಕು ಅನ್ನಿಸ್ತಿದೆ ಅವ್ವ, ಹುಣ್ಣಿಮೆಗೆ ಬರ್ತೀನಿ ಅಂತ ಹೇಳಿ ಕಳಿಸಿದ್ದಳಂತೆ. ಹಿತ್ತಲಲ್ಲಿ ಬದನೆ ಗಿಡ ಬೇಕಾದಷ್ಟಿದ್ದವು, ಕಾಯಿ ಮಾತ್ರ ಗುಡ್ಡದ ಕೋತಿಗಳ ಪಾಲಾಗುತ್ತಿತ್ತಂತೆ. ಬಸುರಿಯ ಬಯಕೆ ಅಂತ ಕೋತಿಗಳಿಗೆ ಹೇಳೋರು ಯಾರು? ಹೂಂ ಅನ್ನು ಮಗಾ.

ಆಮೇಲೆ ದೊಡ್ಡ ಮಗ ಮುಳ್ಳುಬೇಲಿ ಹಾಕಿದನಂತೆ. ಕೋತಿಗಳು ಬೇಲಿಯನ್ನು ಚೆನ್ನಾಗಿ ನೋಡಿ, ಹುಣಸೆ ಮರದಿಂದ ಇಳಿದು ಬಂದವಂತೆ. ಆಮೇಲೆ ನಡುವಿನವನು ತಟ್ಟೆ ಬಡಿದನಂತೆ; ಅವು ಸಾಲಾಗಿ ಕೂತು ಕೇಳಿ, ಅವನ ಕೈ ಸೋತ ಮೇಲೆ ಊಟಕ್ಕೆ ಎದ್ದವಂತೆ. ಆಮೇಲೆ ಕಿರಿಯವನು ಅವ್ವನ ಸೀರೆ ಉಡಿಸಿ ಬೆದರುಗೊಂಬೆ ನಿಲ್ಲಿಸಿದನಂತೆ. ಕೋತಿಗಳು ಓಡಿ ಬಂದು ಗೊಂಬೆಯ ಸುತ್ತ ಕೈ ಚಾಚಿ ಕೂತವಂತೆ. ಯಾಕೆ ಅಂದರೆ ಪುಟ್ಟೀರಮ್ಮ ದಿನಾ ಆ ಸೀರೆಯ ಮಡಿಲಿಂದಲೇ ಅವಕ್ಕೆ ಕಡಲೆಕಾಯಿ ಹಾಕುತ್ತಿದ್ದಳಂತೆ. ಮಕ್ಕಳು ಮೂವರೂ ಅವ್ವನ ಮುಖ ನೋಡಿದರಂತೆ. ಅವಳು ಎದ್ದು, ಗೊಂಬೆಗೆ ಒಂದು ಹಳೇ ಸೀರೆ ಕೇಳೋಕೆ ಪಕ್ಕದ ಮನೆ ಕೆಂಚಮ್ಮನ ಹತ್ರ ಹೋದಳಂತೆ.

ಕೆಂಚಮ್ಮ ಹುಟ್ಟಿದಾಗಿನಿಂದ ಯಾರಿಗೂ ಒಂದು ಕಾಳು ಕೊಟ್ಟವಳಲ್ಲ. ಕೋತಿಗಳಿಗೆ ಅವಳು ಕೊಟ್ಟಿದ್ದು ಅಂದರೆ ಪೊರಕೆ ಏಟು ಒಂದೇ. ಹರಿದ ಸೀರೆ ಒಂದಿದೆ, ತಗೊಂಡು ಹೋಗು, ಆದ್ರೆ ಇನ್ನಷ್ಟು ಹರೀಬಾರದು ಅಂದಳಂತೆ. ಅದನ್ನು ಗೊಂಬೆಗೆ ಉಡಿಸಿದ್ದೇ ತಡ, ಕೋತಿಗಳು ಮರದ ಮೇಲಿಂದಲೇ ನೋಡಿ, ಮರಿಗಳನ್ನ ಅವುಚಿಕೊಂಡು ಗುಡ್ಡ ಹತ್ತಿದವಂತೆ.

ಹುಣ್ಣಿಮೆಗೆ ಮಗಳು ಬಂದು, ಎಣ್ಣೆಗಾಯಿ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡಳಂತೆ. ಆಮೇಲೆ ಪುಟ್ಟೀರಮ್ಮ ಒಂದು ಬಟ್ಟಲು ಎಣ್ಣೆಗಾಯಿ ಹಿಡಿದು ಕೆಂಚಮ್ಮನ ಮನೆಗೆ ಹೋಗಿ, ನಿನ್ನಿಂದ ನನ್ನ ಮಗಳ ಬಯಕೆ ತೀರಿತು ಕಣೆ ಅಂದಳಂತೆ. ಅಯ್ಯೋ, ನಾನೇನೇ ಮಾಡಿದೆ ಅಂತ ಕೆಂಚಮ್ಮ ಕೇಳಿದಳಂತೆ.

"ನೀನು ನೀನಾಗೇ ಇದ್ದೆಯಲ್ಲ ತಾಯಿ, ಅಷ್ಟೇ ಸಾಕಾಯ್ತು."

ಅಲ್ಲೀತನಕ ಕೆಂಚಮ್ಮನ ಉಪಕಾರ ನೆನೆದವರೇ ಇರಲಿಲ್ಲವಂತೆ. ಮಾರನೇ ದಿನ ಅವಳು ಬಟ್ಟಲು ವಾಪಸ್ ತಂದಳಂತೆ. ಬರೀ ಬಟ್ಟಲು ಕೊಡಬಾರದು ಅಂತ ಅದರಲ್ಲಿ ಒಂದಚ್ಚು ಬೆಲ್ಲ ಇತ್ತಂತೆ. ಪುಟ್ಟೀರಮ್ಮನ ಕಣ್ಣು ತುಂಬಿ ಬಂತಂತೆ. ಆದರೂ ಒಂದು ಸಲ ಗುಡ್ಡದ ಕಡೆ ನೋಡಿ, ಬಟ್ಟಲಿಗೆ ಸೆರಗು ಮುಚ್ಚಿದಳಂತೆ.

"ಬೇಗ ಒಳಗೆ ಬಾ ಕೆಂಚಮ್ಮ. ನೀನು ಕೊಡೋದನ್ನ ಕೋತಿಗಳು ನೋಡಿಬಿಟ್ಟಾವು."

ಪುಣ್ಯಕ್ಕೆ ನೋಡಲಿಲ್ಲವಂತೆ. ಆಮೇಲೆ ಪುಟ್ಟೀರಮ್ಮ ಕಡಲೆಕಾಯಿಯನ್ನ ಗುಡ್ಡದ ಬುಡಕ್ಕೇ ಒಯ್ದು ಹಾಕುತ್ತಿದ್ದಳಂತೆ, ಅವೂ ತಿನ್ನಬೇಕಲ್ಲ. ಬದನೆ ಉಳೀತು, ಮಗಳಿಗೆ ಹೆಣ್ಣು ಕೂಸಾಯ್ತು, ಕತೆ ಮುಗೀತು. ನೀನಿನ್ನು ಕಣ್ಣು ಮುಚ್ಚು.